ಮೂದಲಿಕೆಯೇ ಶೀರ್ಷಿಕೆಯಾದಾಗ: ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಹರೆಯದ ಹೊರಗಿನವನು

ಸಮಾಜದ ಅಂಚಿನಲ್ಲಿ ಬೆಳೆಯುವ ಹದಿಹರೆಯದವರ ಕಥನಗಳಲ್ಲಿ ಹೆಸರಿನ ಪ್ರಶ್ನೆ ಮುಖ್ಯವಾದುದು. 1970ರ ದಶಕದಲ್ಲಿ ನ್ಯೂಯಾರ್ಕ್ ಹಾಗೂ ಲಂಡನ್ ನಗರಗಳಲ್ಲಿ ರೂಪುಗೊಂಡ ‘ಪಂಕ್’ ಯುವಸಂಸ್ಕೃತಿಯು ಇಂಗ್ಲಿಷಿನ ಹಳೆಯ ಬೈಗುಳವೊಂದನ್ನೇ ತನ್ನ ಹೆಸರಾಗಿ ಧರಿಸಿತು. ಅದರ ಹರಿದ ಉಡುಪು, ಸೇಫ್ಟಿಪಿನ್ನುಗಳನ್ನು ಡಿಕ್ ಹೆಬ್ಡಿಜ್ ತಮ್ಮ 1979ರ ಅಧ್ಯಯನದಲ್ಲಿ ಪ್ರತಿರೋಧದ ಸಂಕೇತಗಳೆಂದು ವಿವೇಚಿಸಿದರು.

ಕನ್ನಡದಲ್ಲಿ ಇದಕ್ಕೆ ಸಮೀಪದ ಕ್ರಿಯೆಯನ್ನು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಕೃತಿಯಲ್ಲಿ ಕಾಣಬಹುದು. ಇದು ಕಾದಂಬರಿಯಲ್ಲ, ಆತ್ಮಕಥನ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ದಲಿತ ಹುಡುಗನೊಬ್ಬನು ಬೆಳೆದ ಬಗೆಯನ್ನು ಅದು ಬಿಡಿಬಿಡಿ ಪ್ರಸಂಗಗಳಲ್ಲಿ ನಿರೂಪಿಸುತ್ತದೆ. ಸರ್ಕಾರಿ ಸವಲತ್ತು ಪಡೆಯುವ ದಲಿತರನ್ನು ಹಂಗಿಸುವ ಮಾತೇ ಇಲ್ಲಿ ಶೀರ್ಷಿಕೆಯಾಗಿದೆ.

ಈ ಕ್ರಿಯೆಯ ಬೇರು ಹೊರಗಿನದಲ್ಲ. ವಿಜಯಪುರ ನಗರ, ಅದರ ಪಶ್ಚಿಮದ ತಿಕೋಟಾ, ದಕ್ಷಿಣದ ಬಬಲೇಶ್ವರಗಳನ್ನೊಳಗೊಂಡ ಈ ಸೀಮೆಗೆ ಗೀಗೀ ಪದಗಳ ಹರದೇಶಿ–ನಾಗೇಶಿ ವಾದ ಸುಪರಿಚಿತ. ಒಂದು ಮೇಳ ಎಸೆದ ಸವಾಲಿನ ಮಾತನ್ನೇ ಹಿಡಿದು ಎದುರು ಮೇಳ ಜವಾಬು ಕಟ್ಟುತ್ತದೆ. ಮಾಲಗತ್ತಿಯವರ ಶೀರ್ಷಿಕೆಯೂ ಅಂಥದೊಂದು ಜವಾಬು. ಆದರೆ ಅಲ್ಲಿ ಎರಡು ಮೇಳಗಳಿಗೂ ಹಾಡುವ ಸರದಿ ಉಂಟು. ಕೇರಿಯ ಹುಡುಗನಿಗೆ ಆ ಸರದಿಯೇ ಇರಲಿಲ್ಲ. ಜವಾಬು ಬರಲು ಅವನು ಅಕ್ಷರ ಕಲಿತು ಲೇಖಕನಾಗಬೇಕಾಯಿತು.

ಪಂಕ್ ಸಂಸ್ಕೃತಿಯೊಡನೆ ಹೋಲಿಕೆ ಮುರಿಯುವುದೂ ಇಲ್ಲಿಯೇ. ಪಂಕ್ ತರುಣನು ತೊಟ್ಟ ವೇಷವನ್ನು ಕಳಚಬಲ್ಲ. ಈ ಹುಡುಗನ ಹೊರಗುಳಿಯುವಿಕೆ ಅವನ ಆಯ್ಕೆಯಲ್ಲ, ಜಾತಿ ವಿಧಿಸಿದ್ದು. ಅಲ್ಲಿ ಮನೆಯನ್ನು ಧಿಕ್ಕರಿಸಿ ಹೊರಡುವುದು ಬೆಳವಣಿಗೆಯಾದರೆ, ಇಲ್ಲಿ ಮುಚ್ಚಿದ ಬಾಗಿಲನ್ನು ತಟ್ಟುವುದೇ ಬೆಳವಣಿಗೆ.

ಕೃತಿಯ ಓಕುಳಿ ಪ್ರಸಂಗವು ಜಾನಪದ ಅಧ್ಯಯನಕ್ಕೇ ಒಂದು ಸವಾಲು. ಓಕುಳಿಯನ್ನು ಊರಿನ ಸಾಮರಸ್ಯದ, ಸಂಭ್ರಮದ ಆಚರಣೆಯೆಂದು ಬಣ್ಣಿಸುವ ವಾಡಿಕೆಯಿದೆ. ಸ್ವತಃ ಜಾನಪದ ವಿದ್ವಾಂಸರಾದ ಮಾಲಗತ್ತಿಯವರು, ನೀರೆರಚಿಸಿಕೊಳ್ಳುವ ದಲಿತ ಹೆಣ್ಣುಮಕ್ಕಳ ಕಡೆಯಿಂದ ಅದನ್ನು ಕಾಣಿಸುತ್ತಾರೆ. ನೋಡುವ ನಿಲುವು ಬದಲಾದೊಡನೆ ‘ಆಟ’ವೆಂಬ ಪದದ ಅರ್ಥವೇ ಬದಲಾಗುತ್ತದೆ. ಆದರೂ ಆ ಸ್ತ್ರೀಯರನ್ನು ಓದುಗನು ನಿರೂಪಕನ ಕಣ್ಣಿನಿಂದಲೇ ಕಾಣಬೇಕು. ಅವರ ಅಂತರಂಗ ಅವನಿಗೆ ಎಟುಕದೆ ಉಳಿಯುತ್ತದೆ. ಇದು ಆತ್ಮಕಥನ ಪ್ರಕಾರದ ಮಿತಿಯೂ ಹೌದು.

ಆಚರಣೆಯೊಂದನ್ನು ದಾಖಲಿಸುವಾಗ ‘ಯಾರು ಆಡಿದರು?’ ಎಂಬುದರೊಡನೆ ‘ಯಾರ ಮೇಲೆ ಆಡಿದರು?’ ಎಂದೂ ಕೇಳಬೇಕೆಂಬುದನ್ನು ಈ ಕೃತಿ ಕ್ಷೇತ್ರಕಾರ್ಯದ ಸಂಶೋಧಕರಿಗೆ ಕಲಿಸುತ್ತದೆ. ಸಾಹಿತ್ಯಕ ಮೌಲ್ಯದಷ್ಟೇ ಇದರ ಶಾಸ್ತ್ರೀಯ ಮೌಲ್ಯವೂ ಹಿರಿದು.