ಹತ್ತು ನಿಮಿಷದ ಸುಗ್ಗಿ

ಹೋಳಿ ಹುಣ್ಣಿಮೆ ಹತ್ತಿರವಾಯಿತೆಂದರೆ ಅಂಕೋಲೆಯ ಭಾವಿಕೇರಿ, ಬೆಳಂಬಾರದ ಸುತ್ತಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಸುಗ್ಗಿ ಕಟ್ಟುತ್ತಾರೆ. ಕರಿದೇವರ ಪೂಜೆ ಮುಗಿಸಿ ಹೊರಟ ತಂಡ ಮನೆಮನೆಯ ಅಂಗಳದಲ್ಲಿ ಕುಣಿಯುತ್ತದೆ. ಗದ್ದೆ ಕೆಲಸ ಮುಗಿಸಿದ ಒಕ್ಕಲ ಮಕ್ಕಳು ತಮ್ಮ ಹಾಡು ತಾವೇ ಹಾಡಿಕೊಳ್ಳುವ ಹಬ್ಬ ಇದು.

ಕುಣಿತವಾಗಿ ಸುಗ್ಗಿಯದು ಬಿಗಿಯಾದ ಕಟ್ಟು. ಬೆಂಡು, ಬಣ್ಣದ ಕಾಗದದ ಹೂ, ಹಕ್ಕಿಗಳನ್ನು ಹೊತ್ತ ತುರಾಯಿಯ ಭಾರಕ್ಕೆ ಕೊರಳು ಅಲುಗುವಂತಿಲ್ಲ. ಲಯವೆಲ್ಲ ಕಾಲಿಗೆ ಇಳಿಯುತ್ತದೆ, ಕೈಯ ಕುಂಚ ಅದನ್ನು ಮುಗಿಸಿಕೊಡುತ್ತದೆ. ಮಣ್ಣಿನ ವಾದ್ಯವಾದ ಗುಮಟೆ ಬಾರಿಸುವವನ ಎಡಗೈ ನೋಡಬೇಕು: ಮಡಕೆಯ ಹಿಂಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಒಂದೇ ಪೆಟ್ಟಿಗೆ ಎರಡು ದನಿ ತೆಗೆಯುತ್ತಾನೆ.

ಇದನ್ನೇ ಉತ್ಸವದ ವೇದಿಕೆಗೆ ಹತ್ತಿಸಿ ಹತ್ತು ನಿಮಿಷ ಕೊಟ್ಟಾಗ ಉಳಿಯುವುದು ತುರಾಯಿ ಮಾತ್ರ. ಹಾಡು ಏರುವ ಹೊತ್ತಿಗೆ ನಿರೂಪಕರು ಮುಂದಿನ ತಂಡವನ್ನು ಕರೆದಾಗಿರುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ.

ವೇದಿಕೆ ಹೀಗೇ ಇರಬೇಕೆಂದಿಲ್ಲ. ಅಮೆರಿಕದ ನೆವಾಡಾದಲ್ಲಿ ಎಲ್ಕೊ ಎಂಬ ಊರಿದೆ. ಅಲ್ಲಿ 1985ರಿಂದ ದನಗಾಹಿಗಳ ಕಾವ್ಯಮೇಳ ನಡೆಯುತ್ತಿದೆ. ಶುರುಮಾಡಿದವರು ಹಾಲ್ ಕ್ಯಾನನ್ ಮುಂತಾದ ಜಾನಪದ ವಿದ್ವಾಂಸರು. ಅಲ್ಲಿಯೂ ಟೋಪಿ, ಬೂಟುಗಳ ಪ್ರದರ್ಶನ ಇಲ್ಲದಿಲ್ಲ. ಆದರೆ ದನ ಕಾಯುವವನು ಎದ್ದು ನಿಂತು ತಾನೇ ಕಟ್ಟಿದ ಹೊಸ ಪದ್ಯ ಹೇಳುತ್ತಾನೆ, ಹಳೆಯದನ್ನೂ ಹೇಳುತ್ತಾನೆ. ನಮ್ಮ ವೇದಿಕೆಗಳು ಹಾಲಕ್ಕಿಗಳಿಂದ ಹಳೆಯದನ್ನಷ್ಟೇ ಕೇಳುತ್ತವೆ. ಅವರಿಗೆ ಇವತ್ತಿನ ಮಾತು ಇಲ್ಲವೇನೋ ಎಂಬಂತೆ!

ಇದೆ, ಹಗರಣದಲ್ಲಿದೆ. ಸುಗ್ಗಿಯ ಕೊನೆಗೆ ವೇಷ ಕಟ್ಟಿ ಬೀದಿಗೆ ಬರುವ ಈ ಅಣಕು ಅಧಿಕಾರಿಯನ್ನೂ ಬಿಡುವುದಿಲ್ಲ, ರಾಜಕಾರಣಿಯನ್ನೂ ಬಿಡುವುದಿಲ್ಲ. ನನ್ನ ಮಟ್ಟಿಗೆ ಸುಗ್ಗಿಯ ಜೀವಂತ ಸಾಹಿತ್ಯ ಇದೇ. ಭಾವಿಕೇರಿ, ಅಲಗೇರಿ ಕಡೆಯ ಜಾಗ ವಿಮಾನ ನಿಲ್ದಾಣಕ್ಕೆ ಹೋಗುವ ಮಾತು, ಕೇಣಿಯ ಬಂದರಿನ ವಿರುದ್ಧ ಮೀನುಗಾರರ ಹೋರಾಟ, ಇವುಗಳಿಗೆ ಅಣಕಿನ ನಾಲಿಗೆ ಬೇಕೇ ಬೇಕು. ಅಲಗೇರಿಯ ದಿನಕರ ದೇಸಾಯಿಯವರು ಚುಟುಕದ ನಾಲ್ಕು ಸಾಲಿನಲ್ಲಿ ಚುಚ್ಚಿದ ನೆಲ ಇದು. ಆದರೂ ಹಗರಣದ ಮಾತುಗಳನ್ನು ಬರೆದಿಡುವವರು ಕಡಿಮೆ. ಮರುದಿನದ ಪತ್ರಿಕೆಯಲ್ಲಿ ‘ಜನರನ್ನು ರಂಜಿಸಿತು’ ಎಂಬಲ್ಲಿಗೆ ಮುಗಿಯುತ್ತದೆ.

ಸುಗ್ಗಿಯ ದೊಡ್ಡ ಕೊರತೆ ಇನ್ನೊಂದಿದೆ. ಕುಣಿಯುವವರೆಲ್ಲ ಗಂಡಸರು. ಹೆಂಗಸರ ತಾರ್ಲೆ, ಪುಗಡಿ ಕುಣಿತಗಳು ಬೇರೆಯೇ ಉಳಿದಿವೆ. ಹಾಲಕ್ಕಿ ಹಾಡನ್ನು ನಾಡಿಗೆಲ್ಲ ಕೇಳಿಸಿದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಂಥ ಕಂಠವಿದ್ದ ಸಮುದಾಯದ ಅತಿ ದೊಡ್ಡ ಹಬ್ಬದಲ್ಲಿ ಹೆಂಗಸರು ಅಂಗಳದಂಚಿನಲ್ಲಿ ನಿಂತು ನೋಡುವವರು ಎಂಬುದನ್ನು ಸಂಪ್ರದಾಯವೆಂದು ಹೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಇದನ್ನು ಬದಲಿಸುವುದು ಬಿಡುವುದು ಹಾಲಕ್ಕಿಗಳಿಗೇ ಬಿಟ್ಟದ್ದು. ವೇದಿಕೆಯಲ್ಲಿ ಹೆಂಗಸರ ಹಾಡಿಗೆ ಸರಿಯಾದ ಹೊತ್ತು ಕೊಡುವುದಂತೂ ಸಂಘಟಕರ ಕೈಯಲ್ಲೇ ಇದೆ.

ಉತ್ಸವ ನಡೆಸುವವರೇ, ಸುಗ್ಗಿ ತಂಡವನ್ನು ಕರೆದರೆ ಒಂದು ಇಡೀ ಸಂಜೆ ಕೊಡಿ, ಹಗರಣವನ್ನೂ ಜೊತೆಗೇ ಕರೆಯಿರಿ. ಅಷ್ಟು ಆಗದಿದ್ದರೆ ಕರೆಯಬೇಡಿ. ಹುಣ್ಣಿಮೆ ಹೊತ್ತಿಗೆ ನೀವೇ ಅಂಕೋಲೆಗೆ ಬನ್ನಿ.