ಪಾತ್ರಕ್ರೀಡೆಯಲ್ಲಿ ಉತ್ಪಾದ್ಯವಸ್ತು: ಮಾರಿಕಣಿವೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

೧

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯೊಂದನ್ನು ಕಟ್ಟುತ್ತ ಹೋಗುವ ಆಟವು ಕಳೆದ ಐವತ್ತು ವರ್ಷಗಳಲ್ಲಿ ಜಗತ್ತಿನ ಹಲವೆಡೆ ಹರಡಿದೆ. ಇದನ್ನು ನಾವು ಪಾತ್ರಕ್ರೀಡೆ ಎಂದು ಕರೆಯಬಹುದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ೧೯೭೪ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೂಲಗ್ರಂಥ. ಬೇರು ಇನ್ನೂ ಹಿಂದಿನದು. ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಸ್ ೧೮೨೪ರಲ್ಲಿ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥನಿದ್ದನು. ಆ ಮಧ್ಯಸ್ಥನೇ ಇಂದಿನ ಪಾತ್ರಕ್ರೀಡೆಯ ನಿರ್ವಾಹಕನ ಪೂರ್ವಜ. ನಿರ್ವಾಹಕನು ಸನ್ನಿವೇಶವನ್ನು ವರ್ಣಿಸುತ್ತಾನೆ. ಆಟಗಾರನು ತನ್ನ ಪಾತ್ರವು ಏನು ಮಾಡುವುದೆಂದು ಹೇಳುತ್ತಾನೆ. ಫಲವು ಸಂದಿಗ್ಧವಾದಾಗ ದಾಳವನ್ನು ಉರುಳಿಸಿ ನಿರ್ಣಯಿಸುತ್ತಾರೆ. ಪ್ರೇಕ್ಷಕರಿಲ್ಲ, ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ.

ಇಂತಹ ಆಟಕ್ಕೆ ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವ ವಸ್ತು ಯಾವ ಬಗೆಯದಾಗಿರಬೇಕು ಎಂಬುದು ಪ್ರಕೃತ ಲೇಖನದ ವಿಷಯ. ಪ್ರಶ್ನೆಯು ಮೇಲುನೋಟಕ್ಕೆ ವಿನೋದದ್ದೆಂದು ತೋರಬಹುದು. ಆದರೆ ನಮ್ಮ ಕಾಲೇಜುಗಳ ತರುಣರು ಇಂದು ಈ ಆಟವನ್ನು ಆಡಬಯಸಿದರೆ ಅವರ ಕೈಗೆ ದೊರೆಯುವ ಪ್ರಸಂಗಗಳು ಹೆಚ್ಚಾಗಿ ಹೊರಗಿನವು. ಯೂರೋಪಿನ ಮಧ್ಯಯುಗದ ಕೋಟೆಗಳಿಗೆ ಚಿತ್ರದುರ್ಗವೆಂದು ಹೆಸರಿಟ್ಟು, ಅಲ್ಲಿಯ ದೈತ್ಯರನ್ನು ರಾಕ್ಷಸರೆಂದು ಕರೆದ ಮಾತ್ರಕ್ಕೆ ಅದು ಸ್ವಂತದ ವಸ್ತುವಾಗುವುದಿಲ್ಲ. ಹಾಗಾದರೆ ಯಾವುದು ಸ್ವಂತ? ಇದನ್ನು ವಿಮರ್ಶೆಯ ದೃಷ್ಟಿಯಿಂದ ವಿವೇಚಿಸುವುದು ಅವಶ್ಯವಾಗಿದೆ.

೨

ನಮ್ಮ ಲಾಕ್ಷಣಿಕರು ವಸ್ತುವಿನ ಸ್ವರೂಪವನ್ನು ಕುರಿತು ಸ್ಪಷ್ಟವಾಗಿ ಯೋಚಿಸಿದ್ದಾರೆ. ಹತ್ತನೆಯ ಶತಮಾನದ ಧನಂಜಯನು ತನ್ನ 'ದಶರೂಪಕ'ದಲ್ಲಿ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸುತ್ತಾನೆ. ಇತಿಹಾಸ ಪುರಾಣಗಳಿಂದ ಬಂದದ್ದು ಪ್ರಖ್ಯಾತ. ಕವಿಯು ಕಲ್ಪಿಸಿದ್ದು ಉತ್ಪಾದ್ಯ. ಎರಡೂ ಬೆರೆತದ್ದು ಮಿಶ್ರ. ವಸ್ತುವು ಯಾವುದೇ ಆಗಿರಲಿ, ಕಾರ್ಯವು ಆರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳಲ್ಲಿ ನಡೆಯುತ್ತದೆ ಎಂಬುದು ಶಾಸ್ತ್ರದ ಅಭಿಪ್ರಾಯ.

ಪಾತ್ರಕ್ರೀಡೆಯು ಈ ಲಕ್ಷಣಕ್ಕೆ ಒಂದು ಮುಖ್ಯ ಸ್ಥಳದಲ್ಲಿ ಒಗ್ಗುವುದಿಲ್ಲ. ನಾಟಕಕಾರನಿಗೆ ಫಲಾಗಮವು ಮೊದಲೇ ಗೊತ್ತು. ಮಿಕ್ಕ ನಾಲ್ಕು ಅವಸ್ಥೆಗಳನ್ನು ಅದಕ್ಕೆ ಅನುಗುಣವಾಗಿ ಅವನು ಹವಣಿಸುತ್ತಾನೆ. ಪಾತ್ರಕ್ರೀಡೆಯ ಯೋಜಕನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಆರಂಭವನ್ನು ಕಲ್ಪಿಸಬಹುದು. ಯತ್ನಕ್ಕೆ ಎಡೆಯನ್ನು ಒದಗಿಸಬಹುದು. ಫಲವು ಆಟಗಾರರ ಕೈಯಲ್ಲಿದೆ. ಫಲವನ್ನೂ ತಾನೇ ಮೊದಲು ನಿಶ್ಚಯಿಸಿ, ಆಟಗಾರರನ್ನು ಅದರ ಕಡೆಗೆ ದೂಡುತ್ತ ಹೋಗುವ ಯೋಜಕನು ನಾಟಕವನ್ನು ಬರೆಯುತ್ತಿದ್ದಾನೆಯೇ ಹೊರತು ಆಟವನ್ನು ಯೋಜಿಸುತ್ತಿಲ್ಲ. ಹೊಸಬರ ಯೋಜನೆಗಳಲ್ಲಿ ಕಾಣುವ ದೋಷಗಳಲ್ಲಿ ಇದೇ ದೊಡ್ಡದು.

ಗೈಗ್ಯಾಕ್ಸ್ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಎಂಬ ಪ್ರಸಿದ್ಧ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಬಹುದು. ಅದರಲ್ಲಿ ಗಡಿನಾಡಿನ ಒಂದು ಕೋಟೆಯಿದೆ, ಹತ್ತಿರದಲ್ಲಿ ದುಷ್ಟಜೀವಿಗಳ ಗವಿಗಳಿವೆ. ಕೋಟೆಯೊಳಗಿನ ಜನರನ್ನು ಕೋಟೆಯ ಅಧಿಪತಿ, ಅರ್ಚಕ, ವರ್ತಕ ಎಂದು ವೃತ್ತಿಯಿಂದ ಗುರುತಿಸಲಾಗಿದೆಯೇ ಹೊರತು ಅವರಿಗೆ ಹೆಸರಿಟ್ಟಿಲ್ಲ. ಆ ಕೆಲಸವನ್ನು ಕರ್ತೃವು ನಿರ್ವಾಹಕನಿಗೆ ಬಿಟ್ಟಿದ್ದಾನೆ. ಇದು ಗುಣವೇ. ಆದರೆ ಗವಿಗಳ ಜೀವಿಗಳು ಕೊಲ್ಲಲ್ಪಡುವುದಕ್ಕಾಗಿಯೇ ಅಲ್ಲಿವೆ ಎಂಬ ಭಾವನೆ ಇಡೀ ಪ್ರಸಂಗದ ಬುನಾದಿಯಾಗಿದೆ. ಹೆಸರುಗಳನ್ನು ತೆರೆದಿಟ್ಟ ಕರ್ತೃವು ಧರ್ಮಾಧರ್ಮದ ಪ್ರಶ್ನೆಯನ್ನು ಮುಚ್ಚಿಬಿಟ್ಟಿದ್ದಾನೆ. ನಮಗೆ ಬೇಕಾದ ಯೋಜನೆ ಇದಕ್ಕೆ ವಿಪರೀತವಾದದ್ದು.

೩

ಪಾತ್ರಕ್ರೀಡೆಗೆ ಅತ್ಯಂತ ಸಮೀಪವಾದ ಕಲೆ ಕನ್ನಡದಲ್ಲಿ ತಾಳಮದ್ದಲೆ. ಕರಾವಳಿ, ಮಲೆನಾಡು, ಕಾಸರಗೋಡು ಪ್ರದೇಶಗಳಲ್ಲಿ ಇಂದಿಗೂ ಜೀವಂತವಾಗಿರುವ ಈ ಪ್ರಕಾರದಲ್ಲಿ ವೇಷವಾಗಲಿ ಕುಣಿತವಾಗಲಿ ಇಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ತಮ್ಮ ಪಾತ್ರದ ಮಾತನ್ನು ಆಶುವಾಗಿ ಬೆಳೆಸುತ್ತಾರೆ. ಚರ್ಚೆಯು ಕವಲೊಡೆದು ದೂರ ಹೋದರೆ ಭಾಗವತನು ಮುಂದಿನ ಪದ್ಯವನ್ನು ಎತ್ತಿಕೊಂಡು ಕಥೆಯನ್ನು ದಾರಿಗೆ ತರುತ್ತಾನೆ. ಅವನು ನಿರ್ವಾಹಕ, ಅರ್ಥಧಾರಿಗಳು ಆಟಗಾರರು, ಪ್ರಸಂಗವು ಯೋಜಿತ ವಸ್ತು ಎಂದು ಹೇಳಿದರೆ ಹೋಲಿಕೆಯು ಬಹುಮಟ್ಟಿಗೆ ಸರಿಹೋಗುತ್ತದೆ.

ಆದರೆ ಹೋಲಿಕೆಗಿಂತ ವ್ಯತ್ಯಾಸವೇ ನಮಗೆ ಹೆಚ್ಚು ಉಪಯುಕ್ತ. ವಾಲಿವಧೆಯ ಪ್ರಸಂಗವನ್ನು ತೆಗೆದುಕೊಳ್ಳೋಣ. ವಾಲಿಯು ಸಾಯುತ್ತಾನೆ, ಇದನ್ನು ಯಾವ ಅರ್ಥಧಾರಿಯೂ ತಪ್ಪಿಸಲಾರ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿಯು ಪ್ರಶ್ನಿಸುವಾಗ ನ್ಯಾಯವು ಯಾರ ಕಡೆಗಿದೆ ಎಂಬುದು ಆ ರಾತ್ರಿಯ ಮಾತಿನಲ್ಲಿ ತೀರ್ಮಾನವಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (೧೯೧೮–೨೦೦೬) ಹಿರಿಯ ಅರ್ಥಧಾರಿಗಳ ಕೀರ್ತಿಗೆ ಇಂತಹ ಸ್ಥಳಗಳೇ ಆಧಾರ. ಅಂದರೆ ತಾಳಮದ್ದಲೆಯಲ್ಲಿ ಘಟನೆ ಮುಚ್ಚಿದೆ, ಅರ್ಥ ತೆರೆದಿದೆ. ಮೇಲೆ ಹೇಳಿದ ಪಾಶ್ಚಾತ್ಯ ಪ್ರಸಂಗದಲ್ಲಿ ಘಟನೆ ತೆರೆದಿದೆ, ಅರ್ಥ ಮುಚ್ಚಿದೆ. ಸ್ವಂತದ ಪಾತ್ರಕ್ರೀಡೆಯನ್ನು ಯೋಜಿಸುವವನು ಎರಡನ್ನೂ ತೆರೆದಿಡಬೇಕು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಇಂದಿನ ಪಾತ್ರಕ್ರೀಡೆಯ ಅನೇಕ ನಿಯಮಗ್ರಂಥಗಳಲ್ಲಿ ಒಬ್ಬನನ್ನು ಮಾತಿನಿಂದ ಒಲಿಸುವುದಕ್ಕೂ ದಾಳವನ್ನು ಉರುಳಿಸುವ ಪದ್ಧತಿಯಿದೆ. ತಾಳಮದ್ದಲೆಯನ್ನು ಕೇಳಿ ಬೆಳೆದವರಿಗೆ ಇದು ವಿಚಿತ್ರವೆನಿಸುವುದು ಸಹಜ. ಕೃಷ್ಣಸಂಧಾನದಲ್ಲಿ ಕೃಷ್ಣನ ಮಾತಿನ ಬೆಲೆಯನ್ನು ದಾಳದಿಂದ ಅಳೆಯುವುದುಂಟೆ? ಆದರೂ ಈ ಪದ್ಧತಿಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಲವಿಲ್ಲದವನು ಭೀಮನ ಪಾತ್ರವನ್ನು ವಹಿಸಬಹುದಾದರೆ, ಮಾತು ಬಾರದವನು ಕೃಷ್ಣನ ಪಾತ್ರವನ್ನು ಏಕೆ ವಹಿಸಬಾರದು? ಸಂಕೋಚದ ವಿದ್ಯಾರ್ಥಿಗೆ ದಾಳವು ಒಂದು ಆಶ್ರಯ. ಮಾತನ್ನು ಪೂರ್ತಿಯಾಗಿ ಆಟಗಾರನ ವಾಕ್ಚಾತುರ್ಯಕ್ಕೆ ಬಿಟ್ಟರೆ ಮೇಜಿನಲ್ಲಿ ಇಬ್ಬರು ಮಾತಾಡುತ್ತಾರೆ, ಮೂವರು ಕೇಳುತ್ತಾರೆ.

ಈ ತೊಡಕಿಗೆ ಪರಿಹಾರವು ಚಿತ್ರದುರ್ಗದ ಸೀಮೆಯ ರಂಗದಲ್ಲಿಯೇ ಇದೆ. ಮೂಡಲಪಾಯ ಬಯಲಾಟದಲ್ಲಿ ಮಾತು ಆಶುವಲ್ಲ. ಗುರುವಿನಿಂದ ಕಲಿತು ಕಂಠಪಾಠ ಮಾಡಿದ್ದು. ಆದ್ದರಿಂದ ತಾಳಮದ್ದಲೆಯ ಸ್ವಾತಂತ್ರ್ಯವನ್ನು ಅಲ್ಲಿ ನಿರೀಕ್ಷಿಸಬಾರದು. ಆದರೆ ಅಲ್ಲಿ ಸಾರಥಿಯೆಂಬ ಪಾತ್ರವೊಂದುಂಟು. ರಂಗಕ್ಕೆ ಬಂದ ವೇಷವನ್ನು ಅವನು ತಡೆದು, ನೀವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರವು ಉತ್ತರವನ್ನು ಹೇಳುತ್ತ ತನ್ನನ್ನು ತಾನು ಸ್ಥಾಪಿಸಿಕೊಳ್ಳುತ್ತದೆ. ನಿರ್ವಾಹಕನು ಈ ಸಾರಥಿಯ ಕೆಲಸವನ್ನು ಕಲಿಯಬೇಕು. ಭಾಷಣ ಮಾಡಲಾರದವನು ಪ್ರಶ್ನೆಗೆ ಉತ್ತರವನ್ನು ಹೇಳಬಲ್ಲ. ಒಳ್ಳೆಯ ಪ್ರಶ್ನೆಯ ಮುಂದೆ ದಾಳದ ಆಶ್ರಯವು ಅಷ್ಟಾಗಿ ಬೇಕಾಗುವುದಿಲ್ಲ.

೪

ಇನ್ನು ವಸ್ತುವಿನ ಆಯ್ಕೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮೂರು ಬಗೆಯ ವಸ್ತು ಎದ್ದು ಕಾಣುತ್ತದೆ.

ಮೊದಲನೆಯದು ದುರ್ಗದ ಇತಿಹಾಸ. ೧೭೭೯ರಲ್ಲಿ ಹೈದರ್ ಅಲಿಯ ವಶವಾದ ಕೋಟೆ, ಮದಕರಿನಾಯಕನ ಪತನ, ಒನಕೆ ಓಬವ್ವನ ಸಾಹಸ ಇವು ಎಲ್ಲರಿಗೂ ಗೊತ್ತು. ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಾದಂಬರಿಗೆ ಇದು ಸಂಪನ್ನ ವಸ್ತು. ಪಾತ್ರಕ್ರೀಡೆಗೆ ಹಾಗಲ್ಲ. ಓಬವ್ವನ ಕಥೆಯನ್ನೇ ನೋಡಿ: ಒಂದು ಕಿಂಡಿ, ಒಬ್ಬ ಹೆಂಗಸು, ಒಂದು ಒನಕೆ, ಒಂದೇ ನಿರ್ಧಾರ. ವೀರಕಾವ್ಯಕ್ಕೆ ಈ ಏಕಾಗ್ರತೆಯೇ ಶಕ್ತಿ. ಆಟಕ್ಕೆ ಅದೇ ಮಿತಿ. ಒಬ್ಬನು ಓಬವ್ವನ ಪಾತ್ರವನ್ನು ವಹಿಸಿದರೆ ಉಳಿದ ನಾಲ್ವರಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಅವಳು ಬೇರೆ ರೀತಿ ನಡೆದುಕೊಳ್ಳುವಳೆಂದು ಯಾವ ಆಟಗಾರನೂ ಆಡಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಎರಡನೆಯದು ಜನಪದ ಕಾವ್ಯ. ಕಾಡುಗೊಲ್ಲರ ಜುಂಜಪ್ಪನ ಕಥೆಯನ್ನು ಈ ಸೀಮೆಯಲ್ಲಿ ಗಣೆಯ ನಾದದೊಡನೆ ಹಾಡುತ್ತಾರೆ. ಪಶುಪಾಲಕರ ಬದುಕು, ಬರ, ಹುಲ್ಲುಗಾವಲಿನ ಅಲೆದಾಟ, ಬಂಧುಗಳ ವೈರ ಇವೆಲ್ಲ ಅಲ್ಲಿ ತುಂಬಿವೆ. ಆದರೆ ಜುಂಜಪ್ಪನು ಬರಿಯ ಕಥಾನಾಯಕನಲ್ಲ, ಇಂದಿಗೂ ಪೂಜೆಗೊಳ್ಳುವ ದೈವ. ಒಂದು ಸಮುದಾಯವು ಕೈಮುಗಿಯುವ ವ್ಯಕ್ತಿಯನ್ನು ದಾಳದ ಬಾಯಿಗೆ ಒಡ್ಡುವುದು ಉಚಿತವಲ್ಲ. ಇಲ್ಲಿ ಯೋಜಕನು ದೈವವನ್ನು ಪಾತ್ರವಾಗಿಸದೆ, ಆ ಕಾವ್ಯದಿಂದ ಪಶುಪಾಲಕರ ಲೋಕದ ಜ್ಞಾನವನ್ನು ಮಾತ್ರ ಪಡೆಯಬಹುದು. ಔಚಿತ್ಯವನ್ನು ಕಾವ್ಯದ ಜೀವಿತವೆಂದ ಕ್ಷೇಮೇಂದ್ರನ ವಿಚಾರವು ಆಟಕ್ಕೂ ಅನ್ವಯಿಸುತ್ತದೆ.

ಮೂರನೆಯದು ಮಾರಿಕಣಿವೆ. ನಮ್ಮ ಉದ್ದೇಶಕ್ಕೆ ಇದು ಮೂರರಲ್ಲಿ ಉತ್ತಮವಾದದ್ದೆಂದು ನನ್ನ ಅಭಿಪ್ರಾಯ.

೫

ಹಿರಿಯೂರಿನ ಬಳಿ ವೇದಾವತಿಯು ಎರಡು ಗುಡ್ಡಗಳ ನಡುವೆ ನುಸುಳಿ ಹೊರಬರುವ ಸ್ಥಳ ಮಾರಿಕಣಿವೆ. ಕಣಿವೆಯ ಮಾರಮ್ಮನ ಗುಡಿ ಅಲ್ಲಿದೆ. ಮೈಸೂರು ಸಂಸ್ಥಾನವು ೧೮೯೮ರಿಂದ ೧೯೦೭ರ ವರೆಗೆ ಅಲ್ಲಿ ಕಟ್ಟಿಸಿದ ಅಣೆಕಟ್ಟಿಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣಿವಿಲಾಸ ಸಾಗರವೆಂದು ನಾಮಕರಣವಾಯಿತು. ಪೂರ್ಣಮಟ್ಟ ೧೩೦ ಅಡಿ. ಕಟ್ಟೆ ಮುಗಿದ ಇಪ್ಪತ್ತಾರು ವರ್ಷಗಳ ಮೇಲೆ, ೧೯೩೩ರಲ್ಲಿ, ಜಲಾಶಯವು ಮೊದಲ ಬಾರಿಗೆ ತುಂಬಿತು. ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವೆ ಕಳೆದದ್ದು ಎಂಬತ್ತೊಂಬತ್ತು ವರ್ಷ. ಅನಂತರ ೨೦೨೫ರ ಜನವರಿಯಲ್ಲಿ ಮೂರನೆಯ ಬಾರಿ ತುಂಬಿತು.

ಈ ವಸ್ತುವಿನ ಗುಣವೆಂದರೆ ಇದರಲ್ಲಿ ಖಳನಿಲ್ಲ, ವಿರೋಧವುಂಟು. ಕೆಳಗಿನ ಹಿರಿಯೂರಿನ ಅಚ್ಚುಕಟ್ಟಿಗೆ ನೀರು ಬೇಕು. ಹಿನ್ನೀರು ಹರಡುವುದು ಮೇಲಿನ ಹೊಸದುರ್ಗದ ಕಡೆಗೆ. ಒಂದೇ ನೀರು ಒಬ್ಬನ ಗದ್ದೆಯನ್ನು ತಣಿಸಿ ಇನ್ನೊಬ್ಬನ ಹೊಲವನ್ನು ಮುಳುಗಿಸುತ್ತದೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ವಾಲಿವಧೆಯ ಚರ್ಚೆಗೆ ಎಡೆಮಾಡಿಕೊಟ್ಟ ಇಬ್ಬಗೆಯ ನ್ಯಾಯವು ಇಲ್ಲಿ ಭೂಮಿಯ ಇಳಿಜಾರಿನಲ್ಲಿಯೇ ಇದೆ.

ಆದ್ದರಿಂದ ಇಲ್ಲಿಯ ಪ್ರಸಂಗವನ್ನು ಧನಂಜಯನ ಮಾತಿನಲ್ಲಿ ಮಿಶ್ರವಸ್ತುವಾಗಿ ಯೋಜಿಸಬಹುದು. ಕಾಲವು ಕಟ್ಟೆಯ ಕೆಲಸ ಪ್ರಾರಂಭವಾಗುವ ವರ್ಷ, ಇದು ಪ್ರಖ್ಯಾತ. ಊರು ಕಲ್ಪಿತ, ಜನರು ಕಲ್ಪಿತರು, ಇದು ಉತ್ಪಾದ್ಯ. ಪಾತ್ರಗಳು ಐದು ಸಾಕು: ಮುಳುಗಡೆಯಾಗಲಿರುವ ಊರಿನ ರೈತಳಾದ ಒಬ್ಬ ವಿಧವೆ, ಕೆಳಗಿನ ಊರಿನಲ್ಲಿ ಮಳೆ ಕಾಣದೆ ಸಾಲಗಾರನಾದ ಅವಳ ತಮ್ಮ, ಜಮೀನಿನ ಲೆಕ್ಕವನ್ನು ಬರೆಯುವ ಶಾನುಭೋಗ, ದೇವಿಯ ಗುಡಿಯ ಪೂಜಾರಿ, ದೂರದಿಂದ ಕೂಲಿಗೆ ಬಂದ ಕಲ್ಲುಕುಟಿಕ. ಅಮಲ್ದಾರನು ನಿರ್ವಾಹಕನ ಕೈಯಲ್ಲಿರಲಿ. ಅಕ್ಕತಮ್ಮಂದಿರ ನಡುವೆ ನೀರು ಹಾಯುವಂತೆ ಪಾತ್ರಗಳನ್ನು ಹೊಂದಿಸಿದಲ್ಲಿ, ಪ್ರದೇಶದ ವಿರೋಧವು ಮನೆಯ ವಿರೋಧವಾಗಿ ಪ್ರತಿಯೊಂದು ಮಾತಿಗೂ ತೂಕ ಬರುತ್ತದೆ. ಶಾನುಭೋಗನ ಲೇಖನಿಯ ಒಂದು ಗೀಟಿನಿಂದ ಒಬ್ಬಳ ಖುಷ್ಕಿ ತರಿಯಾಗಬಹುದು, ಪರಿಹಾರ ಹೆಚ್ಚಬಹುದು. ಅದು ಸುಳ್ಳೂ ಹೌದು, ದಯೆಯೂ ಹೌದು. ಹಾಗೆ ಬರೆಯಬೇಕೇ ಬೇಡವೇ ಎಂಬುದನ್ನು ಆಟಗಾರನು ನಿಶ್ಚಯಿಸಲಿ.

ಕಟ್ಟೆಯು ಕಟ್ಟಲ್ಪಟ್ಟಿತೆಂಬುದು ಎಲ್ಲರಿಗೂ ತಿಳಿದದ್ದಲ್ಲವೇ, ಫಲವು ಮುಚ್ಚಿದಂತೆಯೇ ಆಯಿತಲ್ಲ ಎಂಬ ಆಕ್ಷೇಪ ಬರಬಹುದು. ಕಟ್ಟೆಯು ಫಲವಲ್ಲ, ಅದು ಪರಿಸ್ಥಿತಿ. ಅಕ್ಕನು ಊರನ್ನು ಬಿಟ್ಟಳೇ, ತಮ್ಮನ ಮನೆಯ ಹೊಸ್ತಿಲನ್ನು ತುಳಿದಳೇ, ಶಾನುಭೋಗನು ಏನು ಬರೆದ, ಇವು ಫಲಗಳು. ಯಾವ ಇತಿಹಾಸವೂ ಇವನ್ನು ಮುಂಚಿತವಾಗಿ ಹೇಳಿಲ್ಲ.

ದಾಳದ ಸ್ಥಾನವೂ ಇಲ್ಲಿ ತಾನಾಗಿ ಗೊತ್ತಾಗುತ್ತದೆ. ಒಂದು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಕೆಲವೇ ಬಾರಿ ತುಂಬಿದ ಜಲಾಶಯದ ಸೀಮೆಯಲ್ಲಿ ಮನುಷ್ಯನ ಕೈಮೀರಿದ್ದು ಮಳೆ. ದಾಳವು ಮಳೆಗಾಗಿ ಮಾತ್ರ ಉರುಳಲಿ. ಪ್ರತಿ ಅಂಕದ ಮೊದಲಿಗೆ ಒಮ್ಮೆ ಉರುಳಿಸಿ, ಈ ವರ್ಷ ಮಳೆ ಬಂದಿತೇ ಇಲ್ಲವೇ ಎಂದು ತಿಳಿದ ಮೇಲೆ ಮಿಕ್ಕದ್ದೆಲ್ಲ ಮಾತಿಗೆ ಬಿಡಬಹುದು. ಅಕ್ಕನು ತಮ್ಮನನ್ನು ಒಪ್ಪಿಸಬಲ್ಲಳೇ ಎಂಬುದಕ್ಕೆ ದಾಳ ಬೇಡ. ಸಾರಥಿಯ ಪ್ರಶ್ನೆ ಸಾಕು.

೬

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಸ್ಥಳನಾಮಗಳನ್ನು ಬದಲಿಸುವುದರಿಂದ ವಸ್ತುವು ಸ್ವಂತವಾಗುವುದಿಲ್ಲ. ಆ ಸ್ಥಳಕ್ಕೇ ಸೇರಿದ ವಿರೋಧವನ್ನು ಹಿಡಿದಾಗ ಸ್ವಂತವಾಗುತ್ತದೆ. ವೀರನ ಏಕಾಂಗ ಸಾಹಸಕ್ಕಿಂತ ಹಲವರ ನ್ಯಾಯ ಒಂದರೊಡನೊಂದು ತಾಗುವ ಸಂದರ್ಭವು ಆಟಕ್ಕೆ ಹೆಚ್ಚು ಒದಗುತ್ತದೆ. ಪೂಜ್ಯವಾದದ್ದನ್ನು ಪಾತ್ರವಾಗಿಸದೆ ಅದರ ನೆರಳಿನಲ್ಲಿ ಬಾಳುವವರನ್ನು ಪಾತ್ರವಾಗಿಸುವುದು ಔಚಿತ್ಯ. ಯೋಜಕನು ಉತ್ತರವನ್ನು ತಾನೇ ತಿಳಿದಿರುವ ಪ್ರಶ್ನೆಯನ್ನು ಆಟಗಾರರ ಮುಂದಿಡಬಾರದು.

ಕನ್ನಡ ಅಧ್ಯಾಪಕರು ಈ ಆಟವನ್ನು ತರಗತಿಯ ಹೊರಗಿನ ಕಾಲಕ್ಷೇಪವೆಂದು ಎಣಿಸದಿರುವುದು ಒಳ್ಳೆಯದು. ತಾಳಮದ್ದಲೆಯ ಪದ್ಯವೊಂದನ್ನು ಕೊಟ್ಟು ಅರ್ಥ ಹೇಳಿಸುವುದು ಸಾಹಿತ್ಯಶಿಕ್ಷಣವಾಗುವುದಾದರೆ, ತಮ್ಮ ತಾಲ್ಲೂಕಿನ ಕೆರೆ, ಕಾಲುವೆ, ಮುಳುಗಡೆಗಳ ಬಗ್ಗೆ ವಿದ್ಯಾರ್ಥಿಗಳಿಂದ ಪ್ರಸಂಗವನ್ನು ಯೋಜಿಸಿ ಆಡಿಸುವುದೂ ಅಂತಹದೇ ಶಿಕ್ಷಣ. ಹಿರಿಯೂರಿನ ವಿದ್ಯಾರ್ಥಿಯೊಬ್ಬನು ಒಂದು ಸಂಜೆಯ ಮಟ್ಟಿಗೆ ಹೊಸದುರ್ಗದ ರೈತನಾಗಿ ವಾದಿಸಬೇಕಾಗಿ ಬಂದರೆ, ನೀರಿನ ಪ್ರಶ್ನೆಯಲ್ಲಿ ತನ್ನ ಊರಿಗೆ ಎದುರಾದ ವಾದವನ್ನು ಅವನು ಒಳಗಿನಿಂದ ತಿಳಿಯುತ್ತಾನೆ. ಪಠ್ಯಪುಸ್ತಕದ ಪ್ರಬಂಧದಿಂದ ಅದು ಸುಲಭವಾಗಿ ಸಿದ್ಧಿಸುವುದಿಲ್ಲ.