ಸಕ್ಸಿನೇಟ್ ಶಿಖರ: ಹೊಗಳಿದ್ದು ಇಲ್ಲದ ಗುಣವನ್ನು

ಚುಚ್ಚದೆ ಕೊಯ್ಯದೆ ಆನುವಂಶಿಕ ಕ್ಯಾನ್ಸರನ್ನು ಮೊದಲೇ ಹಿಡಿಯಬಹುದು ಎನ್ನುವವರು ಆಧಾರವಾಗಿ ಮುಂದಿಡುವ ಪ್ರಬಂಧಗಳಲ್ಲಿ ಷಾರ್ಲಾಟ್ ಲ್ಯುಸೆ-ಲೆಪೂತ್ರ್ ಮತ್ತು ಅವರ ಪ್ಯಾರಿಸ್ ಸಂಗಡಿಗರು 2016ರಲ್ಲಿ ‘ಕ್ಲಿನಿಕಲ್ ಕ್ಯಾನ್ಸರ್ ರಿಸರ್ಚ್’ನಲ್ಲಿ ಪ್ರಕಟಿಸಿದ್ದೂ ಒಂದು. ಅದನ್ನು ಪೂರ್ತಿ ಓದಿದವರು ಈ ಮಾತು ಆಡಲಾರರು. ಅದರ ನಿಜವಾದ ಸಾಧನೆ ಇನ್ನೊಂದು ಕಡೆ ಇದೆ, ಅದನ್ನು ಯಾರೂ ಸಾಕಷ್ಟು ಎತ್ತಿ ಹೇಳಿಲ್ಲ.

ಸಕ್ಸಿನೇಟ್ ಡಿಹೈಡ್ರೋಜಿನೇಸ್ (ಎಸ್‌ಡಿಎಚ್) ಕಿಣ್ವ ಕೆಟ್ಟರೆ ಸಕ್ಸಿನೇಟ್ ಮುಂದಕ್ಕೆ ಫ್ಯೂಮರೇಟ್ ಆಗದೆ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಗಡ್ಡೆಯಲ್ಲೇ ರಾಶಿ ಬೀಳುತ್ತದೆ ಎಂಬುದು ಗೊತ್ತಿದ್ದದ್ದೇ. ಈ ತಂಡ ಆ ರಾಶಿಯನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ ಹೊರಗಿನಿಂದಲೇ ಓದಿತು. ಸಕ್ಸಿನೇಟ್ ಅಣುವಿನ ನಡುವಿನ ನಾಲ್ಕು ಹೈಡ್ರೋಜನ್‌ಗಳು ಒಂದಕ್ಕೊಂದು ಸಮ. ನಾಲ್ಕರ ಸಂಕೇತವೂ ಒಂದೇ ಕಡೆ ಕೂಡಿ ಒಂಟಿ ಶಿಖರವಾಗಿ ಏಳುತ್ತದೆ. ತಂಡಕ್ಕೆ ಅದು ಕಂಡದ್ದು 2.44 ಪಿಪಿಎಂನಲ್ಲಿ. ತೊಡಕಿರುವುದೂ ಅಲ್ಲೇ. ಗ್ಲುಟಮಿನ್ ಸಂಕೇತ ಬೀಳುವುದು ಇದೇ ಆಸುಪಾಸಿನಲ್ಲಿ. ಅದರ ಹೈಡ್ರೋಜನ್‌ಗಳು ಪರಸ್ಪರ ತಗಲಿಕೊಂಡಿರುವುದರಿಂದ ಸಂಕೇತ ಹಲವು ಕವಲಾಗಿ ಒಡೆಯುತ್ತದೆ. ಎಕೋ ಟೈಮ್ ಉದ್ದವಿಟ್ಟರೆ ಆ ಕವಲುಗಳು ಮಸುಕಾಗಿ ಒಂಟಿ ಶಿಖರ ಉಳಿಯುತ್ತದೆ. ಹಾಗೆಂದು ಎಲ್ಲ ಸಲವೂ ಅದು ಸಿಕ್ಕೀತೆಂದಲ್ಲ. ಅಳೆಯುವ ಚೌಕವನ್ನು ಗಡ್ಡೆಯ ಒಳಗೇ ಕೂರಿಸಬೇಕು. ಕತ್ತಿನ ಗಡ್ಡೆಯಾದರೆ ರೋಗಿ ಉಗುಳು ನುಂಗಿದರೂ, ಹೊಟ್ಟೆಯದಾದರೆ ಉಸಿರೆಳೆದರೂ ಚೌಕದಿಂದ ಜಾರುತ್ತದೆ. ಸುತ್ತಲಿನ ಕೊಬ್ಬು ಸೇರಿತೋ, ಗೆರೆಯೆಲ್ಲ ಕದಡಿಹೋಗುತ್ತದೆ. ಸಣ್ಣ ಗಡ್ಡೆಯಲ್ಲಿ ಶಿಖರ ಕಾಣದಿದ್ದರೆ ಸಕ್ಸಿನೇಟ್ ಇಲ್ಲವೆಂದು ಹೇಳುವಂತಿಲ್ಲ. ಇನ್ನು, ಈ ಕಿಣ್ವದ ಜೀನಿನಲ್ಲಿ ಮ್ಯುಟೇಷನ್ ಹೊತ್ತರೂ ಗಡ್ಡೆ ಹುಟ್ಟದವರಲ್ಲಿ ಜೀನಿನ ಇನ್ನೊಂದು ಪ್ರತಿ ಕೆಲಸ ಮಾಡುತ್ತಿರುತ್ತದೆ. ಅಲ್ಲಿ ಈ ವಿಧಾನಕ್ಕೆ ನೋಡಲು ಏನೂ ಇಲ್ಲ. ‘ಮೊದಲೇ ಹಿಡಿಯುವ’ ಹೊಗಳಿಕೆ ಇಲ್ಲಿಗೆ ಬಿದ್ದುಹೋಯಿತು. ಗಡ್ಡೆಯನ್ನು ಹುಡುಕಿಕೊಡುವ ಕೆಲಸ ಈಗಲೂ ಸಾಮಾನ್ಯ ಎಂಆರ್‌ಐ, ಪೆಟ್ ಸ್ಕ್ಯಾನ್‌ಗಳದ್ದೇ.

ಆದರೆ ಪ್ರಬಂಧವನ್ನು ಪೂರ್ತಿ ತಳ್ಳಿಹಾಕುವವರ ಮೇಲೆ ನನ್ನ ತಕರಾರು ಇನ್ನೂ ಹೆಚ್ಚು. ಅವರ ಆಕ್ಷೇಪವೆಲ್ಲ ಸಂಖ್ಯೆಯದು: ಮ್ಯುಟೇಷನ್ ಇದ್ದವರು 5, ಇಲ್ಲದವರು 4. ಸಂಖ್ಯೆ ಚಿಕ್ಕದು, ನಿಜ. ಕೊನೆಯ ತೀರ್ಮಾನದ ಖಚಿತ ಧಾಟಿಯನ್ನು 9 ಜನರ ಫಲಿತಾಂಶ ಹೊರಲಾರದೆಂದು ನಾನೂ ಒಪ್ಪುತ್ತೇನೆ. ಎಣಿಕೆಯಲ್ಲೇ ನಿಂತವರು ಮಾತ್ರ ಎರಡು ಪ್ರಕರಣಗಳನ್ನು ಓದದೆ ದಾಟಿದ್ದಾರೆ. ಒಬ್ಬ ರೋಗಿಯಲ್ಲಿ ಯಾರೂ ಶಂಕಿಸದಿದ್ದ ಎಸ್‌ಡಿಎಚ್‌ಎ ಮ್ಯುಟೇಷನ್ ಪತ್ತೆಯಾದದ್ದು ಈ ಪರೀಕ್ಷೆಯ ದೆಸೆಯಿಂದ. ಇನ್ನೊಂದರಲ್ಲಿ ಎಸ್‌ಡಿಎಚ್‌ಬಿ ಜೀನಿನ ವ್ಯತ್ಯಾಸವೊಂದು ರೋಗಕಾರಕವೋ ಅಲ್ಲವೋ ತಿಳಿದಿರಲಿಲ್ಲ. ಅದನ್ನು ನಿರ್ಧರಿಸಲು ಇದು ನೆರವಾಯಿತು. ಶಿಖರ ಮ್ಯುಟೇಷನ್ನನ್ನು ತೋರಿಸಿಕೊಟ್ಟು, ಅದೇ ಮ್ಯುಟೇಷನ್ ತಿರುಗಿ ಶಿಖರಕ್ಕೆ ಸಾಕ್ಷಿ ಹೇಳುವುದು ಸುತ್ತುವಾದವಲ್ಲವೇ? ಅಷ್ಟಕ್ಕೇ ನಿಂತಿದ್ದರೆ ಹೌದೆನ್ನಬೇಕಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳ ಸಕ್ಸಿನೇಟನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಬೇರೆಯಾಗಿ ಅಳೆದಿದ್ದಾರೆ, ಎಸ್‌ಡಿಎಚ್ ಪ್ರೋಟೀನ್ ಇದೆಯೇ ಎಂದೂ ಪರೀಕ್ಷಿಸಿದ್ದಾರೆ.

ಜೀನ್ ಪರೀಕ್ಷೆ ವ್ಯಾಪಕವಾದಂತೆ ಅರ್ಥ ನಿಶ್ಚಯವಾಗದ ವರದಿಗಳೂ ಹೆಚ್ಚುತ್ತವೆ. ಅಂಥ ವರದಿ ಕೈಗೆ ಬಂದವರ ಒಡಹುಟ್ಟಿದವರಿಗೆ, ಮಕ್ಕಳಿಗೆ ವರ್ಷಗಟ್ಟಲೆ ತಪಾಸಣೆ ಬೇಕೋ ಬೇಡವೋ ಎಂಬುದು ಆ ಒಂದು ನಿರ್ಧಾರದ ಮೇಲಿದೆ. ಪ್ಯಾರಾಗ್ಯಾಂಗ್ಲಿಯೋಮಾಕ್ಕೆ ಸೂಜಿ ಹಾಕಿದರೆ ರಕ್ತದೊತ್ತಡ ಹಠಾತ್ತನೆ ಏರುವ ಅಪಾಯವಿರುವುದರಿಂದ ಚೂರು ತೆಗೆದು ನೋಡುವುದಕ್ಕೂ ವೈದ್ಯರು ಹಿಂಜರಿಯುತ್ತಾರೆ. ಈ ವಿಧಾನವನ್ನು ಮುಂದಕ್ಕೆ ಒಯ್ಯುವವರು ಮೊದಲು ಇಂಥ ಮನೆಗಳ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ; ಶಿಖರ ಕಾಣದವರ, ಸ್ಕ್ಯಾನ್ ಕೆಟ್ಟವರ ಲೆಕ್ಕವನ್ನೂ ಗಡ್ಡೆಯ ಗಾತ್ರದ ಸಮೇತ ಅಚ್ಚು ಹಾಕಲಿ.